ಜಾಮ್ ಆದ ಚೈನ್‌ಸಾ ಎಂಜಿನ್ ಕಟ್ಟಿದ್ದು, ಜೊತೆಗೆ ಪವರ್ ಏರಿಸಿದ್ದು

ನಮ್ಮ ಕಾಫಿ ತೋಟದ 72 ಸಿಸಿ ಟೂ ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ) ಚೈನ್‌ಸಾ ಸಿಲ್ವರ್ ಓಕ್ ಕೊಯ್ಯುವಾಗ ಜಾಮ್ ಆಯಿತು. ತಣ್ಣಗಾದ ಮೇಲೆ ಹಗ್ಗ ಎಳೆದರೆ ತಿರುಗಿತು, ಆದರೆ ಕಂಪ್ರೆಷನ್ ಇರಲಿಲ್ಲ. ಹೊಸದು ತಗೊಳ್ಳಿ ಅಂದವರೇ ಜಾಸ್ತಿ. ಆದರೆ ಕ್ರ್ಯಾಂಕ್ ಬೇರಿಂಗ್ ಕೆಟ್ಟಿರಲಿಲ್ಲ, ಬಾಡಿಯೂ ಚೆನ್ನಾಗಿತ್ತು. ಹಾಗಾಗಿ ರಿಪೇರಿ ಮಾಡೋಣ ಅಂದುಕೊಂಡೆ. ಹೇಗೂ ಬಿಚ್ಚುತ್ತೇನಲ್ಲ, ಎಂಜಿನ್ನಿನ ಶಕ್ತಿಯನ್ನೂ ಸ್ವಲ್ಪ ಏರಿಸಿದೆ.

ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಓಡುವುದು ಉಜ್ಜುವ ಅರ (ಫೈಲ್) ಹುಡುಕಲು. ಅದಕ್ಕಿಂತ ಮುಂಚೆ ಎಂಜಿನ್ ಯಾಕೆ ಹಿಡಿಯಿತು ಅನ್ನೋದು ಗೊತ್ತಾಗಬೇಕು. ಮಫ್ಲರ್ (ಹೊಗೆ ಹೋಗುವ ಡಬ್ಬಿ) ಬಿಚ್ಚಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮುಖ ಕಾಣುತ್ತದೆ. ಎಕ್ಸಾಸ್ಟ್ ಕಡೆ ಮಾತ್ರ ಉದ್ದುದ್ದ ಗೀರು ಬಿದ್ದಿದ್ದರೆ ಹೆಚ್ಚಾಗಿ ಪೆಟ್ರೋಲ್ ಸಾಲದೆ ಬಿಸಿಯಾಗಿ ಹಿಡಿದಿದೆ ಅಂತ. ಸುತ್ತಲೂ ಗೀರಿದ್ದರೆ ಆಯಿಲ್ ಇಲ್ಲದ ಪೆಟ್ರೋಲ್ ಹೋಗಿದೆ. ಇನ್‌ಟೇಕ್ ಕಡೆ ಮಂಕಾಗಿ ಉಜ್ಜಿದಂತಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಬಂದಿದೆ. ನಮ್ಮದು ಮೊದಲನೆಯದು.

ಪೆಟ್ರೋಲ್ ಸಾಲದೆ ಹೋಯಿತು ಅಂದರೆ ಕಾರ್ಬೊರೇಟರ್ ಒಂದನ್ನೇ ಬೈಯಬಾರದು. ಎಲ್ಲೋ ಗಾಳಿ ಸೋರುತ್ತಿರಬಹುದು. ಎಂಜಿನ್ ಬಿಚ್ಚುವ ಮುಂಚೆಯೇ ಅದನ್ನು ನೋಡಿದೆ. ಎಕ್ಸಾಸ್ಟ್ ಬಾಯಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟು ಮಫ್ಲರ್ ಬಿಗಿದೆ, ಇನ್‌ಟೇಕ್ ಬಾಯಿ ಮುಚ್ಚಿದೆ, ಪಿಸ್ಟನ್ ಕೆಳಗೆ ತಂದು ಕ್ರ್ಯಾಂಕ್‌ಕೇಸಿನಿಂದ ಕಾರ್ಬೊರೇಟರಿಗೆ ಹೋಗುವ ಇಂಪಲ್ಸ್ ಪೈಪಿಗೆ ಬಿಪಿ ನೋಡುವ ಉಪಕರಣದ ಬಲ್ಬ್ ಮತ್ತು ಮೀಟರ್ ಸೇರಿಸಿದೆ. ಆ ಮೀಟರಿನ 300 ಅಂದರೆ ಸುಮಾರು 0.4 ಬಾರ್. ಈ ಕೆಲಸಕ್ಕೆ ಅಷ್ಟು ಸಾಕು. ಮುಳ್ಳು ನಿಲ್ಲಲಿಲ್ಲ, ಮೆಲ್ಲಗೆ ಇಳಿಯುತ್ತಾ ಹೋಯಿತು. ಬ್ರಷ್ಷಿನಲ್ಲಿ ಸೋಪು ನೀರು ಹಚ್ಚುತ್ತಾ ಬಂದರೆ ಫ್ಲೈವೀಲ್ ಕಡೆಯ ಆಯಿಲ್ ಸೀಲಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಹೊಸ ಸಿಲಿಂಡರ್ ತಂದು ಹಾಗೇ ಕೂರಿಸಿದ್ದರೆ ಅದೂ ಇದೇ ಗತಿ ಕಾಣುತ್ತಿತ್ತು. ಎರಡೂ ಕಡೆಯ ಸೀಲ್ ಬದಲಿಸಿದೆ. ಎಲ್ಲಾ ಕಟ್ಟಿದ ಮೇಲೆ ಕೈ ವ್ಯಾಕ್ಯೂಮ್ ಪಂಪ್ ಹಾಕಿ ಇನ್ನೊಮ್ಮೆ ನೋಡಿದೆ. ಒತ್ತಡದಲ್ಲಿ ಸೀಲಿನ ತುಟಿ ಶಾಫ್ಟಿಗೆ ಒತ್ತಿಕೊಳ್ಳುತ್ತದೆ, ಎಳೆತದಲ್ಲಿ ಬಿಡುತ್ತದೆ. ಅದಕ್ಕೇ ಎರಡೂ ಪರೀಕ್ಷೆ ಬೇಕು.

ಸಿಲಿಂಡರ್ ಬಿಚ್ಚಿದಾಗ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಒಳಗಿನ ಲೇಪನ ಬಲು ಗಟ್ಟಿ, ಅದಕ್ಕೆ ಏನೂ ಆಗಿರಲಿಲ್ಲ. ಇದು ಹಳೇ ಬೈಕಿನ ಬೀಡು ಕಬ್ಬಿಣದ ಸಿಲಿಂಡರ್ ಅಲ್ಲ, ಬೋರ್ ಮಾಡಿಸಲು ಆಗುವುದಿಲ್ಲ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಅದ್ದಿ, ಮೆತ್ತಿದ ಜಾಗಕ್ಕಷ್ಟೇ ಹಚ್ಚಿದೆ. ಅಲ್ಯೂಮಿನಿಯಂ ನೊರೆಯೆದ್ದು ಕರಗುತ್ತದೆ. ಪೋರ್ಟ್ (ಗಾಳಿ, ಹೊಗೆ ಓಡಾಡಲು ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿ) ಒಳಗೆ ಆಸಿಡ್ ಹೋದರೆ ಸಿಲಿಂಡರಿನ ಮೈಯನ್ನೇ ತಿನ್ನುತ್ತದೆ. ಅದಕ್ಕೆ ಅವಸರ ಬೇಡ. ಬಯಲಿನಲ್ಲಿ, ಗ್ಲೌಸು ಕನ್ನಡಕ ಹಾಕಿಕೊಂಡೇ ಮಾಡಿ. ಆಮೇಲೆ ಚೆನ್ನಾಗಿ ತೊಳೆದು ಸ್ಕಾಚ್‌ಬ್ರೈಟ್‌ನಲ್ಲಿ ಅಡ್ಡಡ್ಡ ಉಜ್ಜಿದೆ. ಪಿಸ್ಟನ್, ರಿಂಗ್, ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ ಲಾಕ್ ಎಲ್ಲಾ ಹೊಸದು. ಹಳೇ ಲಾಕ್ ಮಾತ್ರ ಯಾವತ್ತೂ ಮತ್ತೆ ಹಾಕಬೇಡಿ.

ಈಗ ಪವರ್ ವಿಷಯ. ಈ ಎಂಜಿನ್ 52 ಮಿಮೀ ಬೋರ್ (ಸಿಲಿಂಡರಿನ ಒಳ ಅಗಲ), 34 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ಪಿಸ್ಟನ್ ಮೇಲಿನ ತುದಿಗೆ ಬಂದಾಗ ಅದಕ್ಕೂ ಹೆಡ್ಡಿನ ಅಂಚಿಗೂ ಎಷ್ಟು ಸಂದು ಉಳಿಯುತ್ತದೆ ಅನ್ನೋದೇ ಮೊದಲ ಲೆಕ್ಕ. ಪ್ಲಗ್ ತೂತಿನಿಂದ ಬೆಸುಗೆಯ ಸೀಸದ ತಂತಿಯನ್ನು ಸಿಲಿಂಡರಿನ ಗೋಡೆಗೆ ತಾಗುವಂತೆ ಬಿಟ್ಟು ಕ್ರ್ಯಾಂಕ್ ತಿರುಗಿಸಿದೆ. ತಂತಿಯನ್ನು ಪಿನ್ನಿನ ಸಾಲಿನಲ್ಲೇ ಇಡಬೇಕು, ಇಲ್ಲದಿದ್ದರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಬರುತ್ತದೆ. ಚಪ್ಪಟೆಯಾದ ತುದಿ ಒಂದು ಮಿಮೀಗಿಂತ ತುಸು ಜಾಸ್ತಿ ಇತ್ತು. ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ಅರ್ಧ ಮಿಮೀ ದಪ್ಪ. ಅದನ್ನು ತೆಗೆದು, ತೆಳುವಾಗಿ ಸೀಲೆಂಟ್ ಹಚ್ಚಿ ಕೂರಿಸಿದೆ. ಸಂದು 0.55 ಮಿಮೀಗೆ ಬಂತು. ಅರ್ಧ ಮಿಮೀಗಿಂತ ಕೆಳಗೆ ನಾನು ಹೋಗುವುದಿಲ್ಲ. ವೇಗದಲ್ಲಿ ರಾಡ್ ಹಿಗ್ಗುತ್ತದೆ, ಪಿಸ್ಟನ್ ಹೆಡ್ಡಿಗೆ ಬಡಿಯಬಾರದು.

ಸಿಲಿಂಡರ್ ಕೆಳಗಿಳಿದರೆ ಪೋರ್ಟುಗಳೂ ಇಳಿಯುತ್ತವೆ. ಈ ಎಂಜಿನ್ನಿನಲ್ಲಿ ಅರ್ಧ ಮಿಮೀಗೆ ಎಕ್ಸಾಸ್ಟ್ ಸುಮಾರು ಎರಡು ಡಿಗ್ರಿ ತಡವಾಗಿ ತೆರೆಯುತ್ತದೆ, ಇನ್‌ಟೇಕ್ ತುಸು ಬೇಗ ತೆರೆಯುತ್ತದೆ. ಮರ ಕೊಯ್ಯಲು ಬೇಕಾದದ್ದು ಎಳೆಯುವ ಶಕ್ತಿ. ಹಾಗಾಗಿ ಎಕ್ಸಾಸ್ಟ್ ಎತ್ತರವನ್ನು ನಾನು ಮುಟ್ಟಲಿಲ್ಲ, ಅಗಲ ಮಾತ್ರ ಎರಡೂ ಬದಿಗೆ ಸ್ವಲ್ಪ ಹೆಚ್ಚಿಸಿದೆ. ಒಟ್ಟು ಅಗಲ 31 ಮಿಮೀ, ಅಂದರೆ ಬೋರಿನ ಶೇ. 60. ಪಿಸ್ಟನ್ನಿನ ಸ್ಕರ್ಟ್ (ರಿಂಗಿನ ಕೆಳಗಿನ ಪಕ್ಕದ ಗೋಡೆ) ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ, ಪೋರ್ಟ್ ಎಲ್ಲೂ ಸ್ಕರ್ಟಿನ ಆಚೆ ಹೋಗುವುದಿಲ್ಲ, ರಿಂಗಿನ ತುದಿಗಳು ಪೋರ್ಟಿನ ಎದುರು ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಕೊನೆಗೆ ಅಂಚನ್ನು ಸಣ್ಣ ಕಲ್ಲಿನಲ್ಲಿ ನಯವಾಗಿ ಓರೆ ಮಾಡಬೇಕು, ಚೂಪು ಉಳಿದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಹೊತ್ತು ಹಿಡಿದದ್ದು ಈ ಅಂಚೇ.

ನಮ್ಮ ಕಡೆ ಟೂ ಸ್ಟ್ರೋಕ್ ಜ್ಞಾನ ಬಂದಿರುವುದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಿಂದ, ಆಮೇಲೆ ಆರ್‌ಎಕ್ಸ್ 100ರಿಂದ. ಪೋರ್ಟ್ ಫೈಲ್ ಮಾಡುವ ಹಳೇ ಮೆಕ್ಯಾನಿಕ್‌ಗಳ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬೈಕಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೈಕಿನ ಉದ್ದನೆಯ ಸೈಲೆನ್ಸರ್ ಆಚೆ ಹೋದ ಹಸಿ ಮಿಶ್ರಣವನ್ನು ವಾಪಸ್ ತಳ್ಳುತ್ತದೆ. ಚೈನ್‌ಸಾಗೆ ಇರುವುದು ಒಂದು ಡಬ್ಬಿ. ಎಕ್ಸಾಸ್ಟನ್ನು ತೀರಾ ಬೇಗ ತೆರೆದರೆ ಇರುವ ಶಕ್ತಿಯೂ ಸೋರಿಹೋಗುತ್ತದೆ.

ಆ ಡಬ್ಬಿಯಲ್ಲೇ ದೊಡ್ಡ ಲಾಭವಿದೆ. ಹೊಗೆ ಹೊರಹೋಗುವ ದಾರಿ ತೀರಾ ಕಿರಿದಾಗಿತ್ತು, ಎದುರುಗಡೆ ಇನ್ನೊಂದು ಬಾಯಿ ಮಾಡಿ ಸಣ್ಣ ಪೈಪ್ ವೆಲ್ಡ್ ಮಾಡಿಸಿದೆ. ಎರಡೂ ಬಾಯಿಗೆ ಕಿಡಿ ತಡೆಯುವ ಜಾಲರಿ ಇದೆ. ಫೆಬ್ರವರಿ, ಮಾರ್ಚಿನಲ್ಲಿ ತೋಟದ ತುಂಬಾ ಒಣ ತರಗೆಲೆ ಇರುತ್ತದೆ, ಜಾಲರಿ ತೆಗೆದು ಓಡಿಸುವುದು ಬೆಂಕಿ ಕರೆದಂತೆ. ಸದ್ದೂ ಹೆಚ್ಚಾಗುತ್ತದೆ, ಕಿವಿಗೆ ಇಯರ್ ಮಫ್ ಬೇಕೇ ಬೇಕು.

ಗಾಳಿ ಜಾಸ್ತಿ ಎಳೆಯುವ ಎಂಜಿನ್ನಿಗೆ ಪೆಟ್ರೋಲೂ ಜಾಸ್ತಿ ಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ಹಳೇ ಸೆಟ್ಟಿಂಗಿನಲ್ಲಿ ಅದೂ ಮಿಶ್ರಣವನ್ನು ತೆಳು ಮಾಡುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದಂತೆ ಮಾಡುತ್ತದೆ. ಕಾರ್ಬೊರೇಟರಿನ ಎಚ್ ಸ್ಕ್ರೂ (ಫುಲ್ ಥ್ರಾಟಲಿನಲ್ಲಿ ಪೆಟ್ರೋಲ್ ಹೊಂದಿಸುವುದು) ಒಂದು ಸುತ್ತು ಬಿಚ್ಚಿ ಶುರು ಮಾಡಿ, ಕಿವಿಗೊಟ್ಟು ಹೊಂದಿಸಿದೆ. ಫುಲ್ ಥ್ರಾಟಲಿನಲ್ಲಿ ಖಾಲಿ ಓಡುವಾಗ ದನಿ ಸ್ವಲ್ಪ ಗೊರಗೊರ ಅನ್ನಬೇಕು, ಮರಕ್ಕೆ ಇಟ್ಟ ತಕ್ಷಣ ಸಾಫ್ ಆಗಬೇಕು. ಖಾಲಿ ಓಡುವಾಗಲೇ ಕೀರಲು ದನಿ ಬಂದರೆ ತಕ್ಷಣ ಥ್ರಾಟಲ್ ಬಿಟ್ಟು ಸ್ಕ್ರೂ ಇನ್ನಷ್ಟು ಬಿಚ್ಚಿ. ಕೊನೆಗೆ ಟ್ಯಾಕೋಮೀಟರ್ ಹಿಡಿದು, ಕಂಪನಿ ಹೇಳಿದ ಗರಿಷ್ಠ ಆರ್‌ಪಿಎಂ ದಾಟಿಲ್ಲ ಅಂತ ನೋಡಿಕೊಂಡೆ. ಲೀಟರ್ ಪೆಟ್ರೋಲಿಗೆ 25 ಮಿಲಿ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಹಾಕುತ್ತೇನೆ.

ಈಗ ದಪ್ಪ ದಿಮ್ಮಿಯ ನಡುವೆ ಚೈನ್ ಸುತ್ತುವ ಬಾರ್ (ಉದ್ದ ಪಟ್ಟಿ) ಪೂರ್ತಿ ಮುಳುಗಿದಾಗಲೂ ವೇಗ ಕುಸಿಯುವುದಿಲ್ಲ, ಒತ್ತಿ ಹಿಡಿಯಬೇಕಿಲ್ಲ. ಚೈನ್ ಚೂಪಿರಬೇಕು ಅಷ್ಟೇ. ಮೊಂಡು ಚೈನಿಗೆ ಎಂಥ ಎಂಜಿನ್ ಇದ್ದರೂ ಸುಮ್ನೆ ಪೆಟ್ರೋಲ್ ದಂಡ.

ಮಳೆಗಾಲಕ್ಕೆ ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೂ ಓಡಿಸಿಡಿ. ಎಥೆನಾಲ್ ನಮ್ಮ ಮಲೆನಾಡಿನ ಥಂಡಿಯಲ್ಲಿ ನೀರು ಹೀರುತ್ತದೆ. ಪೆಟ್ರೋಲ್ ಒಳಗೇ ಉಳಿದರೆ ಕಾರ್ಬೊರೇಟರಿನ ಡಯಾಫ್ರಮ್ ಬಿರುಸಾಗಿ, ಮುಂದಿನ ಸೀಸನ್ನಿಗೆ ಮತ್ತೆ ಅದೇ ತೆಳು ಮಿಶ್ರಣ ಶುರುವಾಗುತ್ತದೆ.