ಕಣ್ಣು ಕಟ್ಟಿ, ಕಿವಿ ಪಳಗಿಸಿ

ತಂಬೂರಿ ಶ್ರುತಿ ಮಾಡುವವರ ಹತ್ತಿರ ಕೂತು ನೋಡಿದ್ದೀರಾ? ತಂತಿ ಸ್ವರಕ್ಕೆ ಬಂದ ಮೇಲೂ ಅವರು ಬಿಡುವುದಿಲ್ಲ. ಕುದುರೆಯ (ತಂತಿಗಳನ್ನು ಹೊರುವ ಸಣ್ಣ ಸೇತುವೆ) ಮೇಲೆ ತಂತಿಯಡಿ ಇರುವ ನೂಲನ್ನು ಚೂರೇ ಚೂರು ಆಚೀಚೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ತಂತಿ ಝೇಂಕರಿಸುತ್ತದೆ. ಜೀವ ಬಂತು ಅನ್ನುತ್ತಾರೆ. ಆಗ ಮಂದ್ರ ಷಡ್ಜದ ತಂತಿಯಿಂದಲೇ ಯಾರೂ ಮೀಟದ ಅಂತರ ಗಾಂಧಾರ ಕೇಳುತ್ತದೆ. ತಂತಿ 100 ಹರ್ಟ್ಸ್‌ನಲ್ಲಿ ಮಿಡಿದರೆ (ಸೆಕೆಂಡಿಗೆ 100 ಸಲ) ಅದರ ಐದು ಪಟ್ಟು, ಅಂದರೆ 500 ಹರ್ಟ್ಸ್‌ನಲ್ಲಿ ಆ ಗಾಂಧಾರ ಇರುತ್ತದೆ. ಮೊದಲ ದಿನ ಹೊಸಬರಿಗೆ ಇದು ಕೇಳಿಸುವುದೇ ಇಲ್ಲ. ಕೆಲವು ವಾರ ಕೂತರೆ ಕೇಳಿಸದೆ ಇರುವುದಿಲ್ಲ.

ಇಯರ್‌ಫೋನ್, ಸ್ಪೀಕರ್, ಆಂಪ್ಲಿಫೈಯರ್‌ಗಳ ಸಣ್ಣ ವ್ಯತ್ಯಾಸ ಹಿಡಿಯುವುದೂ ಹೀಗೇ ಬರುವ ವಿದ್ಯೆ. ದಿನಕ್ಕೆ ಹದಿನೈದು ನಿಮಿಷ ಸಾಕು. ದುಬಾರಿ ಸಾಮಾನು ಬೇಡ. ಕೈಯಲ್ಲಿರುವ ಇಯರ್‌ಫೋನ್‌ನಿಂದಲೇ ಶುರು ಮಾಡಿ.

ಮೊದಲು ನಿಮಗೆ ಬಾಯಿಪಾಠ ಆಗಿರುವ ಒಂದು ರೆಕಾರ್ಡಿಂಗ್ ಆರಿಸಿಕೊಳ್ಳಿ. ಹಾಡು, ಪಿಟೀಲು, ಮೃದಂಗ ಮೂರೂ ಇರುವ ಕಛೇರಿಯಾದರೆ ಒಳ್ಳೆಯದು. ಫೋನ್ ಅಥವಾ ಕಂಪ್ಯೂಟರಿನಲ್ಲಿ ಹತ್ತು ಪಟ್ಟಿಯ ಈಕ್ವಲೈಜರ್ ತೆರೆಯಿರಿ. ತಗ್ಗು ಸ್ವರದಿಂದ ಮೇಲಿನ ಸ್ವರದವರೆಗೆ ಸದ್ದಿನ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ ಅದು. ಒಂದು ಪಟ್ಟಿಯನ್ನು ಮಾತ್ರ 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಏರಿಸಿ ಕೇಳಿ, ಮತ್ತೆ ಇಳಿಸಿ ಕೇಳಿ. 125 ಹರ್ಟ್ಸ್ ಏರಿಸಿದರೆ ಮೃದಂಗದ ಎಡಗಡೆಯ ಪೆಟ್ಟು ಊದಿಕೊಳ್ಳುತ್ತದೆ. 250ರಿಂದ 500ರ ನಡುವೆ ಏರಿಸಿದರೆ ಹಾಡುವವರು ಹಂಡೆಯೊಳಗೆ ಕೂತ ಹಾಗೆ. 1000ಕ್ಕೆ ಮೂಗಿನ ದನಿ, ಹಳೇ ಲ್ಯಾಂಡ್‌ಲೈನ್ ನೆನಪಾಗುತ್ತದೆ. 4000ದ ಹತ್ತಿರ ನಮ್ಮ ಕಿವಿ ತುಂಬ ಚುರುಕು. ಅಲ್ಲಿ ಏರಿಸಿದರೆ ಎಲ್ಲವೂ ಮುಖದೆದುರಿಗೇ ಬಂದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ತಲೆ ಭಾರವಾಗುತ್ತದೆ. 8000ಕ್ಕೆ 'ಸ', 'ಶ' ಅಕ್ಷರಗಳು ಚುಚ್ಚುತ್ತವೆ. 16000ದಲ್ಲಿ ಏನೂ ಗೊತ್ತಾಗದಿದ್ದರೆ ಗಾಬರಿ ಬೇಡ. ವಯಸ್ಸಾದಂತೆ ಮೇಲಿನ ಸ್ವರಗಳು ಎಲ್ಲರಿಗೂ ಕಮ್ಮಿಯಾಗುತ್ತವೆ.

ಒಂದು ವಾರ ಇದನ್ನು ಮಾಡಿದ ಮೇಲೆ ಮನೆಯವರ ಕೈಗೆ ಫೋನ್ ಕೊಡಿ. ಅವರು ಯಾವುದೋ ಒಂದು ಪಟ್ಟಿ ಏರಿಸಲಿ, ಯಾವುದೆಂದು ನೀವು ಹೇಳಿ. ಸರಿಯಾಗಿ ಬರತೊಡಗಿದರೆ 6 ಡೆಸಿಬೆಲ್ ಬದಲು 3ಕ್ಕೆ ಇಳಿಸಿ. ಆಮೇಲೆ ಏರಿಸುವ ಬದಲು ತಗ್ಗಿಸಿ ಕೇಳಿ. ಇಲ್ಲದ್ದನ್ನು ಗುರುತಿಸುವುದು ಜಾಸ್ತಿ ಕಷ್ಟ.

ಮುಂದಿನದು ಎಂಪಿ3, ಅಂದರೆ ಸದ್ದಿನ ಕೆಲವು ವಿವರ ಬಿಟ್ಟು ಕುಗ್ಗಿಸಿದ ಫೈಲು. ಒಂದೇ ರೆಕಾರ್ಡಿಂಗನ್ನು ಮೂಲ ಸಿ.ಡಿ.ಯಿಂದ ಒಮ್ಮೆ, 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿ ಇನ್ನೊಮ್ಮೆ ಕೇಳಿ. ತಾಳ, ಖಂಜಿರ, ಘಟದಂಥ ಚುರುಕು ಪೆಟ್ಟುಗಳ ಮೇಲೆ ಗಮನ ಇಡಿ. ಪೆಟ್ಟಿಗೆ ಒಂದು ಕ್ಷಣ ಮುಂಚೆಯೇ ಸಣ್ಣ ಸುಯ್ ಸದ್ದು ಬರುತ್ತದೆಯಾ? ಪೆಟ್ಟಿನ ಅಂಚು ಮೊಂಡಾಗಿದೆಯಾ? ಇದು ಒಮ್ಮೆ ಕಿವಿಗೆ ಸಿಕ್ಕರೆ ಆಮೇಲೆ ಮರೆಯುವುದಿಲ್ಲ.

ಈಗ ಎರಡು ಸಾಧನಗಳನ್ನು ಹೋಲಿಸೋಣ. ಇಲ್ಲಿ ಬಹುತೇಕ ಎಲ್ಲರೂ ಎಡವುವುದು ವಾಲ್ಯೂಮ್‌ನಲ್ಲಿ. ಸ್ನೇಹಿತರೊಬ್ಬರ ಆಂಪ್ಲಿಫೈಯರನ್ನು ಎರಡು ದಿನ ಮನೆಗೆ ತಂದಿದ್ದೆ. ನನ್ನದಕ್ಕಿಂತ ಅದರಲ್ಲಿ ಎಲ್ಲವೂ ತೆರೆದುಕೊಂಡಂತೆ, ವೀಣೆ ಹತ್ತಿರ ಬಂದಂತೆ ಕೇಳಿತು. ಪುಟಗಟ್ಟಲೆ ಬರೆದಿಟ್ಟುಕೊಂಡೆ. ಆಮೇಲೆ ಮೀಟರ್ ಇಟ್ಟು ನೋಡಿದರೆ ಅದು ಸುಮಾರು 1 ಡೆಸಿಬೆಲ್ ಜೋರಾಗಿತ್ತು. ಸಮ ಮಾಡಿ ಕೇಳಿದಾಗ ಎರಡರ ನಡುವೆ ಏನೂ ಉಳಿಯಲಿಲ್ಲ. ಇಷ್ಟು ಸಣ್ಣ ಏರಿಕೆ ಕಿವಿಗೆ 'ಜೋರು' ಅನ್ನಿಸುವುದಿಲ್ಲ, 'ಚೆನ್ನಾಗಿದೆ' ಅನ್ನಿಸುತ್ತದೆ. ಬೇಸರವಾಯಿತು, ಆದರೆ ಅವತ್ತು ಕಲಿತದ್ದು ಇವತ್ತಿಗೂ ಕೈ ಹಿಡಿಯುತ್ತಿದೆ.

ಆಂಪ್ಲಿಫೈಯರುಗಳಾದರೆ ಮಲ್ಟಿಮೀಟರನ್ನು ಎ.ಸಿ. ವೋಲ್ಟ್‌ಗೆ ಇಟ್ಟು ಸ್ಪೀಕರ್ ತಂತಿಗಳ ನಡುವೆ ಅಳೆಯಿರಿ. ಎರಡು ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಅಗ್ಗದ ಮೀಟರುಗಳು ಮನೆಯ 50 ಹರ್ಟ್ಸ್ ಕರೆಂಟಿಗೆಂದು ಮಾಡಿದವು. ಹಾಗಾಗಿ 100 ಹರ್ಟ್ಸ್ ಆಸುಪಾಸಿನ ಒಂದೇ ಸ್ವರ ನುಡಿಸಿ. ಒಂದರಲ್ಲಿ 2 ವೋಲ್ಟ್ ಬಂದರೆ ಇನ್ನೊಂದರಲ್ಲಿ 1.98ರಿಂದ 2.02ರ ಒಳಗೆ ಬರಲಿ. ಅಂದರೆ 0.1 ಡೆಸಿಬೆಲ್ ಒಳಗೇ ಸಮ ಆಯಿತು. ಸ್ಪೀಕರುಗಳಾದರೆ ನೀವು ಕೂರುವ ಜಾಗದಲ್ಲಿ ಫೋನಿನ ಸೌಂಡ್ ಮೀಟರ್ ಇಟ್ಟು, ಎರಡಕ್ಕೂ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಸೇರಿದ, ಜಲಪಾತದಂಥ ಒಂದೇ ಸಮನೆ ಸದ್ದು) ಹಾಕಿ ಸರಿದೂಗಿಸಿ. ಫೋನ್ ತೋರಿಸುವ ಅಂಕಿ ಪಕ್ಕಾ ಇರದಿದ್ದರೂ ನಡೆಯುತ್ತದೆ, ಎರಡರ ವ್ಯತ್ಯಾಸ ಸಿಕ್ಕರೆ ಆಯಿತು.

ಆಮೇಲೆ ಕಣ್ಣಿಗೆ ಮರೆ. 1994ರಲ್ಲಿ ಅಮೆರಿಕದ ಹಾರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪ್ರಯೋಗ ಮಾಡಿದರು. ಕಂಪನಿಯ 40 ಮಂದಿ ನೌಕರರಿಗೆ ಅವೇ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಒಮ್ಮೆ, ಕಣ್ಣಿಗೆ ಕಾಣುವಂತೆ ಇನ್ನೊಮ್ಮೆ ಕೇಳಿಸಿದರು. ಕಣ್ಣಿಗೆ ಕಂಡಾಗ ದೊಡ್ಡ, ಚೆಂದದ ಸ್ಪೀಕರುಗಳಿಗೆ ಅಂಕ ಜಾಸ್ತಿ ಬಿತ್ತು. ಸ್ಪೀಕರ್ ತಯಾರಿಸುವ ಕಂಪನಿಯ ನೌಕರರೇ ಹೀಗಾದರೆ ನಾವು ಪರದೆ ಇಲ್ಲದೆ ಕೇಳಿ ಪ್ರಯೋಜನ ಇಲ್ಲ ಅಲ್ವಾ? ಮನೆಯಲ್ಲಿ ತೆಳು ಹತ್ತಿಬಟ್ಟೆಯ ಪರದೆ ಸಾಕು. ಬದಲಾಯಿಸುವವರು ನಾಣ್ಯ ಚಿಮ್ಮಿ ಯಾವುದೆಂದು ನಿರ್ಧರಿಸಲಿ, ಮಾತಾಡದಿರಲಿ.

ತುಣುಕು ಐದಾರು ಸೆಕೆಂಡಿಗಿಂತ ಉದ್ದ ಬೇಡ, ನಡುವೆ ತಡವೂ ಬೇಡ. ಸದ್ದಿನ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ಉಳಿಯುತ್ತದೆ. ಸೋಮವಾರ ಕೇಳಿದ ಸ್ಪೀಕರನ್ನು ಬುಧವಾರ ಕೇಳಿದ್ದಕ್ಕೆ ಹೋಲಿಸುವುದು ಸುಮ್ನೆ ಊಹೆ.

ಮೊದಲು 'ಅ', ಆಮೇಲೆ 'ಬ', ಮೂರನೆಯದಾಗಿ ಎರಡರಲ್ಲಿ ಯಾವುದೋ ಒಂದನ್ನು ಹೆಸರು ಹೇಳದೆ ಕೇಳಿಸಲಿ. ಆ ಮೂರನೆಯದು ಯಾವುದು? ಇದನ್ನು 16 ಸಲ ಮಾಡಿ, ಪ್ರತಿ ಉತ್ತರ ಬರೆದಿಡಿ. 12 ಅಥವಾ ಹೆಚ್ಚು ಸರಿ ಬಂದರೆ ನಿಮಗೆ ನಿಜಕ್ಕೂ ಕೇಳುತ್ತಿದೆ ಎನ್ನಬಹುದು. ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ 100ಕ್ಕೆ 4ಕ್ಕಿಂತ ಕಡಿಮೆ. ಎಂಟೋ ಒಂಬತ್ತೋ ಬಂದರೆ ಅದು ನಾಣ್ಯ ಚಿಮ್ಮಿದ ಹಾಗೆಯೇ. ಬರೀ ಫೈಲುಗಳನ್ನು ಹೋಲಿಸುವುದಾದರೆ ಒಬ್ಬರೇ ಕೂತು ಮಾಡಬಹುದು. ಕಂಪ್ಯೂಟರಿನ ಫೂಬಾರ್2000 ಪ್ಲೇಯರಿಗೆ ಇದಕ್ಕಾಗಿಯೇ 'ಎಬಿಎಕ್ಸ್' ಎಂಬ ಸೇರ್ಪಡೆ ಸಿಗುತ್ತದೆ.

ಕೂತ ಮೇಲೆ ತಲೆ ಅಲ್ಲಾಡಿಸಬೇಡಿ. 3000 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು 11 ಸೆಂಟಿಮೀಟರ್. ಗೋಡೆಗೆ ಬಡಿದು ಬಂದ ಸದ್ದೂ ನೇರ ಬಂದ ಸದ್ದೂ ಸೇರುವ ರೀತಿ ತಲೆ ಐದು ಸೆಂಟಿಮೀಟರ್ ಸರಿದರೂ ಬದಲಾಗುತ್ತದೆ. ಕೇಬಲ್ ಬದಲಿಸಲು ಎದ್ದು ಹೋಗಿ ಮತ್ತೆ ಕೂತವರಿಗೆ ಹೊಸ ಕೇಬಲ್ ಬೇರೆ ಥರ ಕೇಳಿಸಲು ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಕುರ್ಚಿಯ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಹೊರಗೆ ಹೋಗಿ ಬನ್ನಿ. ವಾಲ್ಯೂಮ್ ಪಕ್ಕದವರೊಂದಿಗೆ ಮಾತಾಡಲು ಆಗುವಷ್ಟೇ ಇರಲಿ. ನೆಗಡಿ ಆಗಿದ್ದರೆ, ಬಸ್ಸಿನಲ್ಲಿ ಎರಡು ಗಂಟೆ ಕೂತು ಬಂದಿದ್ದರೆ ಪರೀಕ್ಷೆಯನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಊರು ಏಳುವ ಮುಂಚೆ, ಫ್ಯಾನ್ ನಿಲ್ಲಿಸಿ.