ಹಳೆಯ ರಕ್ತದ ಬಣ್ಣ

ಕಥೆ ಹೀಗಿತ್ತು. ಸೇನೆಯಿಂದ ನಿವೃತ್ತನಾಗಿ ಕೊಡಗಿನ ತನ್ನ ತೋಟದಲ್ಲಿರುವ ಒಬ್ಬ ಹವಾಲ್ದಾರ್. ಕಾಡಿನೊಳಗೆ ಕೂಡಿಹಾಕಿದ ಐದು ಜನ ಕೂಲಿಯಾಳುಗಳನ್ನು ಬಿಡಿಸಿಕೊಂಡು ಬರಲು ಒಬ್ಬನೇ ಹೊರಡುತ್ತಾನೆ. ಸಣ್ಣ ಬಜೆಟ್ಟಿನ ಸಿನಿಮಾ. ಅದರಲ್ಲಿ ರಕ್ತ ಮತ್ತು ಗಾಯದ ಕೆಲಸ ನನ್ನದು.

ನಿರ್ದೇಶಕರು ಮೊದಲ ದಿನವೇ 2008ರ ‘ರ‍್ಯಾಂಬೋ’ ನೋಡಿಕೊಂಡು ಬನ್ನಿ ಅಂದರು. ಸ್ಟಲೋನ್ ತಾವೇ ನಿರ್ದೇಶಿಸಿ ನಟಿಸಿದ ಸಿನಿಮಾ ಅದು. ಕಥೆ ಬರ್ಮಾದ್ದು. ವಿಯೆಟ್ನಾಂ ಯುದ್ಧ ಕಂಡ ಸೈನಿಕ, ಸೆರೆಸಿಕ್ಕ ಮಿಷನರಿಗಳನ್ನು ಬಿಡಿಸಲು ಹೋಗುತ್ತಾನೆ. ನಾನು ಎರಡು ಸಲ ನೋಡಿದೆ. ಕೊನೆಯಲ್ಲಿ ಅವನು ಗಾಡಿಯ ಮೇಲಿನ ದೊಡ್ಡ ಮಷಿನ್‌ಗನ್ ಹಿಡಿಯುತ್ತಾನೆ. ಅದರ ಗುಂಡು 12.7 ಮಿಲಿಮೀಟರ್ ದಪ್ಪ. ಮೈ ಛಿದ್ರವಾಗುವುದಕ್ಕೆ ಅಲ್ಲಿ ಕಾರಣ ಇದೆ. ನಮ್ಮ ಹವಾಲ್ದಾರ್ ಕೈಯಲ್ಲಿ ಇರುವುದು ಮನೆಯ ತೋಟಾ ಕೋವಿ. ಹತ್ತಿರದಿಂದ ಹೊಡೆದರೆ ಒಂದೇ ದೊಡ್ಡ ಗಾಯ. ದೂರ ಹೋದಷ್ಟೂ ಸೀಸದ ಸಣ್ಣ ಗುಂಡುಗಳು ಚೆದುರಿ, ಮೈಮೇಲೆ ಸಾಸಿವೆ ಎರಚಿದ ಹಾಗೆ ತೂತು ಬೀಳುತ್ತವೆ. ಆಯುಧ ಬೇರೆ ಅಂದಮೇಲೆ ಗಾಯವೂ ಬೇರೆಯೇ ಇರಬೇಕು ಅಂತ ನಿರ್ದೇಶಕರಿಗೆ ಹೇಳಿದೆ. ಒಪ್ಪಿದರು.

ಹೊಸ ರಕ್ತ ಮಾಡುವುದು ಕಷ್ಟ ಅಲ್ಲ. ಬೇಕರಿಯವರು ಬಳಸುವ ಲಿಕ್ವಿಡ್ ಗ್ಲೂಕೋಸ್ ಒಂದು ಕೆಜಿ, ಅದು ಸಲೀಸಾಗಿ ಸುರಿಯುವಷ್ಟು ಬಿಸಿನೀರು, ಅಡುಗೆಗೆ ಹಾಕುವ ಕೆಂಪು ಬಣ್ಣ. ಬರೀ ಕೆಂಪು ಹಾಕಿದರೆ ಶರಬತ್ತಿನ ಹಾಗೆ ಆಚೆ ಕಡೆ ಕಾಣುತ್ತದೆ. ಎರಡು ಚಮಚ ಕೋಕೋ ಪುಡಿಯನ್ನು ಬಿಸಿನೀರಿನಲ್ಲಿ ಗಂಟಿಲ್ಲದೆ ಕಲಸಿ ಸೇರಿಸಿದರೆ ದಟ್ಟವಾಗುತ್ತದೆ. ನೀಲಿ ಬಣ್ಣ ಕಡ್ಡಿಯ ತುದಿಯಷ್ಟು ಸಾಕು. ಬಟ್ಟೆ ಮೇಲೆ ಈ ಪಾಕ ಹನಿಹನಿಯಾಗಿ ನಿಂತುಬಿಡುತ್ತದೆ, ಒಳಗೆ ಇಳಿಯುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ದ್ರವ ಒಂದೆರಡು ಹನಿ ಬೆರೆಸಿದರೆ ಇಳಿಯುತ್ತದೆ. ಆದರೆ ಆ ಬಾಟಲಿಯನ್ನು ಬಾಯಿಯ ರಕ್ತದ ಬಾಟಲಿ ಜೊತೆ ಇಡಲೇಬೇಡಿ. ನಾನು ಸೋಪಿನ ಬಾಟಲಿಗಳಿಗೆಲ್ಲ ಕಪ್ಪು ಟೇಪ್ ಸುತ್ತುತ್ತೇನೆ.

ಚಿಮ್ಮುವ ರಕ್ತಕ್ಕೆ ನಾವು ಸಿಡಿಮದ್ದು ಮುಟ್ಟಲಿಲ್ಲ. ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪನ್ನೇ ಹೊಸದಾಗಿ ಕೊಂಡು, ಸಣ್ಣ ಪೈಪನ್ನು ಅಂಗಿಯ ಒಳಗಿಂದ ತಂದೆವು. ಅಂಗಿಯ ಆ ಜಾಗವನ್ನು ಒಳಗಡೆಯಿಂದ ಉಪ್ಪುಕಾಗದದಲ್ಲಿ ಉಜ್ಜಿ ತೆಳು ಮಾಡಬೇಕು. ಒಂದು ಶಾಟ್‌ಗೆ ಒಂದೇ ಥರದ ಆರು ಅಂಗಿ ಹೊಲಿಸಿದ್ದೆವು, ಐದು ಖರ್ಚಾದವು.

ನನಗೆ ನಿದ್ದೆ ಕೆಡಿಸಿದ್ದು ಹಳೆಯ ರಕ್ತ. ಆ ಐದು ಜನ ಮೂರು ದಿನ ಪೆಟ್ಟು ತಿಂದು ಅಲ್ಲಿ ಬಿದ್ದಿದ್ದಾರೆ. ನಾಯಕ ಬಾಗಿಲು ಒಡೆದಾಗ ನೋಡುವವರಿಗೆ ಆ ಮೂರು ದಿನ ಒಂದೇ ನೋಟದಲ್ಲಿ ಗೊತ್ತಾಗಬೇಕು ಅಲ್ವಾ? ಮೊದಲ ದಿನ ನನ್ನ ಪಾಕವನ್ನೇ ಹಚ್ಚಿದೆ. ಮಿರಿಮಿರಿ ಮಿಂಚಿತು. ಗ್ಲೂಕೋಸ್ ಒಣಗುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಜೇನ್ನೊಣ ಮುತ್ತಿಕೊಂಡವು. ಪಾಪ, ಕಲಾವಿದರೊಬ್ಬರ ಕುತ್ತಿಗೆಗೆ ಕಚ್ಚಿತು. ಅವತ್ತಿನ ಕೆಲಸ ಅಲ್ಲಿಗೇ ನಿಂತಿತು. ತಪ್ಪು ನನ್ನದೇ.

ಸಂಜೆ ರೂಮಿಗೆ ಬಂದು ಕಾಲುಚೀಲ ಬಿಚ್ಚಿದೆ. ಬೆಳಿಗ್ಗೆ ಉಂಬಳ ಕಚ್ಚಿತ್ತು. ತೀರ್ಥಹಳ್ಳಿ ಕಡೆಯವನಾದ್ದರಿಂದ ಅದೇನೂ ನನಗೆ ಹೊಸದಲ್ಲ. ಉಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ತುಂಬಾ ಹೊತ್ತು ಸೋರುತ್ತದೆ. ಆದರೆ ಅವತ್ತು ಮಾತ್ರ ಆ ಚೀಲವನ್ನು ದೀಪದ ಕೆಳಗೆ ಹಿಡಿದು ನೋಡಿದೆ. ನಡುವೆ ಇನ್ನೂ ಕೆಂಪು. ಸುತ್ತ ಇಟ್ಟಿಗೆ ಬಣ್ಣ. ಅಂಚಿನಲ್ಲಿ ಕಾಫಿ ಕಲೆಯ ಹಾಗೆ ಒಂದು ಗಾಢ ಗೆರೆ. ಎಲ್ಲೂ ಹೊಳಪಿಲ್ಲ. ಬಟ್ಟೆ ಸೆಟೆದುಕೊಂಡಿತ್ತು.

ಮರುದಿನ ಬಟ್ಟೆಗಳಿಗೆ ಪಾಕ ಹಾಕುವುದನ್ನೇ ನಿಲ್ಲಿಸಿದೆ. ಗಟ್ಟಿ ಕಾಫಿ ಡಿಕಾಕ್ಷನ್‌ಗೆ ಸ್ವಲ್ಪ ಕೆಂಪು ಅಕ್ರಿಲಿಕ್ ಬಣ್ಣ ಬೆರೆಸಿ ಸುರಿದು ಒಣಗಿಸಿದೆ. ಒಣಗಿದ ಮೇಲೆ ನಡುವೆ ಇನ್ನೊಂದು ಸಲ. ಅಂಚಿನ ಗೆರೆ ತಾನಾಗಿಯೇ ಬಂತು. ಮೈಮೇಲಿನ ಗಾಯಕ್ಕೆ ಜೆಲಟಿನ್ ನಂಬಲಿಲ್ಲ, ಬೆವರಿಗೆ ಕರಗಿ ಜಾರುತ್ತದೆ. ದ್ರವ ಲೇಟೆಕ್ಸ್ ಮತ್ತು ಹತ್ತಿಯಲ್ಲಿ ಮಾಡಿದೆ. ಲೇಟೆಕ್ಸ್ ಕೆಲವರಿಗೆ ಆಗಿಬರುವುದಿಲ್ಲ, ಹಿಂದಿನ ದಿನವೇ ಮೊಣಕೈ ಒಳಗೆ ಹಚ್ಚಿ ನೋಡಲೇಬೇಕು.

ಸೆಟ್ಟಿನಲ್ಲಿ ಸಲಹೆಗೆ ಅಂತ ಒಬ್ಬ ನಿವೃತ್ತ ಸೈನಿಕರು ಇದ್ದರು. ಗಾಯಾಳುಗಳನ್ನು ಹೊತ್ತು ತಂದವರು. ನನ್ನ ಕೆಲಸವನ್ನು ತುಂಬಾ ಹೊತ್ತು ನೋಡಿ, “ತಮ್ಮಾ, ಗಾಯ ಚೆನ್ನಾಗಿದೆ. ಆದ್ರೆ ಅವನ ಕೈ ಯಾಕೆ ಇಷ್ಟು ಕ್ಲೀನಾಗಿದೆ?” ಅಂದರು.

ನನಗೆ ಅರ್ಥವಾಗಲಿಲ್ಲ.

“ಪೆಟ್ಟು ಬಿದ್ದವನು ಮೊದಲು ಅಲ್ಲಿ ಕೈ ಒತ್ತಿ ಹಿಡೀತಾನೆ. ಎತ್ತಿಕೊಂಡು ಬರೋನ ಕೈಯೂ ಅಷ್ಟೇ. ಗಾಯಕ್ಕಿಂತ ಕೈಲೇ ಜಾಸ್ತಿ ಇರುತ್ತೆ.”

ಅವತ್ತಿನಿಂದ ಎಲ್ಲ ದೃಶ್ಯಕ್ಕೂ ಕೈಯಿಂದಲೇ ಶುರು ಮಾಡಿದೆ. ಯಾರು ಯಾರನ್ನು ಹಿಡಿದರು, ಯಾವ ಕೈಯಲ್ಲಿ, ಅಂತ ಪ್ರತಿ ಶಾಟ್ ಮುಗಿದ ಮೇಲೂ ಮೊಬೈಲಿನಲ್ಲಿ ಫೋಟೋ ತೆಗೆದು ಬರೆದಿಟ್ಟೆ. ನಿರ್ಮಾಪಕರಿಗೆ ಸೆನ್ಸಾರ್‌ನವರ ಯುಎ 16+ ಸರ್ಟಿಫಿಕೇಟ್ ಬೇಕಿತ್ತು, ಹಾಗಾಗಿ ಚಿಮ್ಮುವ ಶಾಟ್‌ಗಳು ಎಡಿಟಿಂಗ್‌ನಲ್ಲಿ ಕಮ್ಮಿಯಾದವು. ನನಗೆ ಬೇಜಾರಾಗಲಿಲ್ಲ. ಕೈಗಳ ಶಾಟ್ ಒಂದೂ ಹೋಗಲಿಲ್ಲ.

ಕೊನೆಯ ದೃಶ್ಯದಲ್ಲಿ ಹವಾಲ್ದಾರ್ ತೊರೆಯಲ್ಲಿ ಕೈ ತೊಳೆಯುತ್ತಾನೆ. ನೀರಿಗೆ ಬಿಡುವ ರಕ್ತ ಬೇಕಿತ್ತು, ಅದಕ್ಕೆ ಮತ್ತೆ ಪಾಕ. ಉಗುರಿನ ಸಂದಿಗೆ ಮಾತ್ರ ವ್ಯಾಸಲೀನಿನಲ್ಲಿ ಕಾಫಿಪುಡಿ, ಕೆಂಪು ಬಣ್ಣ ಕಲಸಿ ಕಡ್ಡಿಯಿಂದ ತುಂಬಿದೆ. ಮೂರು ಟೇಕ್ ಆಯಿತು. ಅಂಗೈ ಬೆಳ್ಳಗಾಯಿತು, ಉಗುರಿನದು ಹೋಗಲಿಲ್ಲ. ನಟರು ಅದನ್ನು ಕಂಡು, ಚಿತ್ರಕಥೆಯಲ್ಲಿ ಇಲ್ಲದಿದ್ದರೂ ಹೆಬ್ಬೆರಳಿನಿಂದ ಒಂದೊಂದೇ ಉಗುರನ್ನು ಉಜ್ಜುತ್ತಾ ಕೂತರು. ನಿರ್ದೇಶಕರು ಕಟ್ ಹೇಳಲಿಲ್ಲ.