ಮಹಡಿ ಹತ್ತಿದರೂ ಕರೆ ಕಡಿಯದಂತೆ ಮನೆಯ ವೈಫೈ ಹೊಂದಿಸುವುದು

30×40 ಅಡಿ ನಿವೇಶನದಲ್ಲಿ ಮೂರು ಅಂತಸ್ತು ಎಬ್ಬಿಸಿದ ಮನೆಯೊಂದರಲ್ಲಿ ಒಂದೇ ರೂಟರಿನಿಂದ ಎಲ್ಲ ಕೋಣೆಗಳಿಗೂ ವೈಫೈ ತಲುಪಿಸುವುದು ಆಗದ ಕೆಲಸ. ಕಂಬಿ ಕಟ್ಟಿ ಹಾಕಿದ ಕಾಂಕ್ರೀಟ್ ಚಾವಣಿಯನ್ನು ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿರುತ್ತದೆ. ಹಾಗಾಗಿ ಮಹಡಿಗೊಂದು ರೂಟರ್ ತಂದಿಡುತ್ತೇವೆ. ಆಮೇಲೆ ಎಲ್ಲಿ ಕುಳಿತರೂ ವೈಫೈ ಸಿಗುತ್ತದೆ, ಆದರೆ ವಾಟ್ಸ್ಆ್ಯಪ್ ಕರೆಯಲ್ಲಿ ಮಾತನಾಡುತ್ತ ಮೆಟ್ಟಿಲು ಹತ್ತಿದರೆ ಅರ್ಧ ದಾರಿಯಲ್ಲಿ ಧ್ವನಿ ತುಂಡು ತುಂಡಾಗಿ, ಮೇಲೆ ತಲುಪುವ ವೇಳೆಗೆ ಕರೆಯೇ ಕಡಿದುಹೋಗಿರುತ್ತದೆ. ಈ ದೋಷವನ್ನು ಹೊಸ ಉಪಕರಣ ಕೊಳ್ಳದೆ, ಇರುವವನ್ನೇ ಸರಿಯಾಗಿ ಹೊಂದಿಸಿ ಬಹುಮಟ್ಟಿಗೆ ನಿವಾರಿಸಬಹುದು. ನಾನು ನನ್ನ ಮನೆಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ, ರೂಟರಿನ ಮೂಲ ತಂತ್ರಾಂಶದ ಬದಲಿಗೆ ಹಾಕಿಕೊಳ್ಳುವ ಉಚಿತ ತಂತ್ರಾಂಶವಿರುವ ಮೂರು ರೂಟರ್‌ಗಳನ್ನು ಬಳಸುತ್ತಿರುವುದರಿಂದ ಕೆಳಗಿನ ಹೆಸರುಗಳು ಅದರವು. ಬೇರೆ ಉಪಕರಣಗಳಲ್ಲಿ ಹೆಸರು ಬದಲಾದೀತು, ಕ್ರಮ ಬದಲಾಗದು.

ಮೊದಲು ತಿಳಿದಿರಬೇಕಾದದ್ದು ಇಷ್ಟು: ಒಂದು ಆಕ್ಸೆಸ್ ಪಾಯಿಂಟನ್ನು (ವೈಫೈ ಪ್ರಸಾರ ಮಾಡುವ ಉಪಕರಣ, ಇಲ್ಲಿ ಮಹಡಿಗೊಂದರಂತೆ ಇಟ್ಟ ರೂಟರ್) ಬಿಟ್ಟು ಇನ್ನೊಂದಕ್ಕೆ ಹೋಗುವ ತೀರ್ಮಾನ ಫೋನಿನದು, ರೂಟರಿನದಲ್ಲ. ಫೋನಿಗೆ ತಲುಪುವ ಸಿಗ್ನಲಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಮೈನಸ್ ಸಂಖ್ಯೆಯಾಗಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು; ಎರಡು ಬಲಗಳ ಅಂತರ ಡಿಬಿಯಲ್ಲಿ. ಐಫೋನ್ ತಾನು ಹಿಡಿದಿರುವ ಸಿಗ್ನಲ್ ಮೈನಸ್ 70 ಡಿಬಿಎಂಗಿಂತ ಕೆಳಗಿಳಿಯುವವರೆಗೆ ಬೇರೆಯದನ್ನು ಹುಡುಕುವುದೇ ಇಲ್ಲ. ಹುಡುಕಿದ ಮೇಲೂ, ದತ್ತಾಂಶ ಹರಿಯುತ್ತಿರುವಾಗ ಹೊಸದು ಹಳೆಯದಕ್ಕಿಂತ ಕನಿಷ್ಠ 8 ಡಿಬಿಯಷ್ಟು, ಸುಮ್ಮನಿರುವಾಗ 12 ಡಿಬಿಯಷ್ಟು ಬಲವಾಗಿದ್ದರೆ ಮಾತ್ರ ಅತ್ತ ಹೋಗುತ್ತದೆ. ಮ್ಯಾಕ್ ಲ್ಯಾಪ್‌ಟಾಪ್‌ಗಳು ಮೈನಸ್ 75ರವರೆಗೂ ಕಾಯುತ್ತವೆ. ಆಂಡ್ರಾಯ್ಡ್ ಫೋನ್‌ಗಳ ಲೆಕ್ಕ ಒಂದೊಂದು ತಯಾರಕರದು ಒಂದೊಂದು ಬಗೆ. ಆದ್ದರಿಂದ ನಮ್ಮ ಕೆಲಸವೇನಿದ್ದರೂ ಫೋನು ಸರಿಯಾದ ಜಾಗದಲ್ಲಿ ಸರಿಯಾದ ತೀರ್ಮಾನಕ್ಕೆ ಬರುವಂತಹ ಸನ್ನಿವೇಶವನ್ನು ಮನೆಯೊಳಗೆ ನಿರ್ಮಿಸುವುದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಕೆ, ವಿ, ಆರ್ ಎಂಬ ಅಕ್ಷರಗಳ (ಫೋನು ಒಂದರಿಂದ ಇನ್ನೊಂದಕ್ಕೆ ದಾಟಲು ನೆರವಾಗುವ, 802.11 ಎಂಬ ವೈಫೈ ಮಾನಕದ ಭಾಗಗಳು) ಸರದಿ ಬರುವುದು ಕಟ್ಟಕಡೆಗೆ.

ಆರಂಭ ತಂತಿಯಿಂದ ಆಗಬೇಕು. ಪ್ರತಿ ಆಕ್ಸೆಸ್ ಪಾಯಿಂಟಿಗೂ ಮುಖ್ಯ ರೂಟರಿನಿಂದ ಅಥವಾ ಸ್ವಿಚ್ಚಿನಿಂದ ನೆಟ್‌ವರ್ಕ್ ಕೇಬಲ್ ಎಳೆಯುವುದು ಉತ್ತಮ. ತಂತಿಯಿಲ್ಲದೆ ಒಂದು ರೂಟರ್ ಇನ್ನೊಂದಕ್ಕೆ ಅದೇ ರೇಡಿಯೋದ ಮೂಲಕವೇ ಮಾತು ದಾಟಿಸುವ ಏರ್ಪಾಡಿನಲ್ಲಿ ದತ್ತಾಂಶದ ಪ್ರತಿ ಪೊಟ್ಟಣವೂ ಗಾಳಿಯಲ್ಲಿ ಎರಡು ಸಲ ಸಾಗಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಿಗಾಬಿಟ್ ವೇಗಕ್ಕೆ ಕ್ಯಾಟ್ 5ಇ ಕೇಬಲ್ ಸಾಕು, 100 ಮೀಟರ್‌ವರೆಗೆ ಚಿಂತೆಯಿಲ್ಲ. ಆದರೆ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಕೇಬಲನ್ನು ದಯವಿಟ್ಟು ಕೊಳ್ಳಬೇಡಿ. ಗೋಡೆಯೊಳಗಿನ ಪೈಪಿನಲ್ಲಿ ಎಳೆಯುವಾಗ ಅದು ಒಳಗೇ ತುಂಡಾಗಬಹುದು, ಅದರ ಮೂಲಕ ವಿದ್ಯುತ್ತನ್ನೂ ಕಳಿಸುವುದಾದರೆ ಬಿಸಿಯೇರುತ್ತದೆ. ಮನೆಗೆ ಇನ್ನೂ ವೈರಿಂಗ್ ಆಗುತ್ತಿದ್ದರೆ ಮಹಡಿಗೊಂದರಂತೆ ಖಾಲಿ ಪೈಪು ಬಿಡಿಸಿಕೊಳ್ಳಿ. ಕರೆಂಟಿನ ತಂತಿ ಇರುವ ಪೈಪಿನೊಳಗೇ ಇದನ್ನೂ ತುರುಕಿಸುವುದು ಬೇಡ.

ಎರಡನೆಯ ಹೆಜ್ಜೆ, ಒಂದು ರೂಟರನ್ನು ಬಿಟ್ಟು ಉಳಿದವನ್ನು ‘ರೂಟರ್’ ಕೆಲಸದಿಂದ ಬಿಡುಗಡೆ ಮಾಡುವುದು. ಮನೆಗಳಲ್ಲಿ ನಾನು ಕಂಡಿರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟಿದವು. ಎರಡನೆಯ ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ತಂತಿ ಸೇರುವ ಕಿಂಡಿ) ಕೇಬಲ್ ಚುಚ್ಚಿದರೆ ಅದು ತನ್ನದೇ ಪ್ರತ್ಯೇಕ ಜಾಲವನ್ನು ಕಟ್ಟಿಕೊಳ್ಳುತ್ತದೆ. ಫೋನು ಅಲ್ಲಿಗೆ ಹೋದೊಡನೆ ಹೊಸ ಐಪಿ ವಿಳಾಸ ಪಡೆಯಬೇಕಾಗುತ್ತದೆ, ಹಳೆಯ ವಿಳಾಸದ ಮೇಲೆ ನಡೆಯುತ್ತಿದ್ದ ಕರೆ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಮುಖ್ಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಉಳಿದೆರಡಕ್ಕೆ 192.168.1.2 ಮತ್ತು 192.168.1.3 ಎಂಬ ಸ್ಥಿರ ವಿಳಾಸ ಕೊಟ್ಟು, ಅವುಗಳ, ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯನ್ನು ಐಪಿವಿ6 ಭಾಗವನ್ನೂ ಸೇರಿಸಿ ನಿಲ್ಲಿಸಿ, ಗೇಟ್‌ವೇ ಮತ್ತು ಡಿಎನ್‌ಎಸ್ ಜಾಗದಲ್ಲಿ ಮುಖ್ಯ ರೂಟರಿನ ವಿಳಾಸ ಬರೆದು, ಕೇಬಲನ್ನು ಮನೆಯೊಳಗಿನ ಉಪಕರಣಗಳು ಸೇರುವ ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಹಾಕಬೇಕು. ಮೂರು ರೂಟರ್‌ಗಳಲ್ಲಿ ಯಾವುದನ್ನು ಹಿಡಿದರೂ ಫೋನಿಗೆ ಅದೇ ವಿಳಾಸ ಉಳಿಯುತ್ತಿದೆಯೇ ಎಂದು ನೋಡಿಕೊಂಡು ಮುಂದಕ್ಕೆ ಹೋಗಿ.

ವೈಫೈ ಹೆಸರು, ಗುಪ್ತಪದ ಮತ್ತು ಭದ್ರತೆಯ ವಿಧಾನ ಮೂರೂ ಎಲ್ಲ ಕಡೆ ಅಕ್ಷರಶಃ ಒಂದೇ ಆಗಿರಬೇಕು. ‘ಮೇಲ್ಮಹಡಿ’, ‘ಕೆಳಮನೆ’ ಎಂದು ಬೇರೆ ಬೇರೆ ಹೆಸರಿಟ್ಟರೆ ಫೋನಿಗೆ ಅವು ಸಂಬಂಧವೇ ಇಲ್ಲದ ಎರಡು ಜಾಲಗಳು. ಒಂದರಲ್ಲಿ ಡಬ್ಲ್ಯುಪಿಎ2, ಇನ್ನೊಂದರಲ್ಲಿ ಡಬ್ಲ್ಯುಪಿಎ3 ಇಡುವುದೂ ಬೇಡ.

ಚಾನೆಲ್ ಮಾತ್ರ ಪ್ರತಿಯೊಂದರಲ್ಲೂ ಬೇರೆಯಾಗಿರಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಅಗಲವನ್ನು 20 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿ ಮೂರಕ್ಕೂ ಒಂದೊಂದನ್ನು ಹಂಚಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳವಾಗಿದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ತರಂಗಪಟ್ಟಿಯ ಹೆಚ್ಚಿನ ಭಾಗವನ್ನು ಪರವಾನಗಿ ಇಲ್ಲದ ಬಳಕೆಗೆ ತೆರೆದ ಮೇಲೆ 36, 52, 100, 149ರಿಂದ ಆರಂಭವಾಗುವ 80 ಮೆಗಾಹರ್ಟ್ಸ್ ಗುಂಪುಗಳೆಲ್ಲ ನಮಗೆ ಸಿಗುತ್ತವೆ. ಆದರೆ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುವುದರಿಂದ ಅಲ್ಲಿ ರೂಟರ್ ಪ್ರಸಾರ ಆರಂಭಿಸುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ಕಾಯುತ್ತದೆ, ನಡುವೆ ರೇಡಾರಿನ ಸುಳಿವು ಸಿಕ್ಕರೆ ಆ ಚಾನೆಲನ್ನೇ ಬಿಟ್ಟು ಓಡುತ್ತದೆ. ನಮ್ಮ ಮನೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಮೊದಲ ಮಹಡಿಯ 5 ಗಿಗಾಹರ್ಟ್ಸ್ ಒಂದು ನಿಮಿಷ ಕಾಣೆಯಾಗುತ್ತಿತ್ತು. ಉಪಕರಣ ಕೆಟ್ಟಿದೆಯೆಂದು ನಾನು ಎರಡು ವಾರ ಅದನ್ನೇ ಬೈದುಕೊಂಡೆ. ಎರಡೇ ಆಕ್ಸೆಸ್ ಪಾಯಿಂಟ್ ಇದ್ದರೆ 36 ಮತ್ತು 149ರಲ್ಲಿ ಮುಗಿಸಿಬಿಡಿ. ಮೂರಿದ್ದರೆ ಕೆಳಮಹಡಿ ಮತ್ತು ಎರಡನೆಯ ಮಹಡಿಗೆ 36ನ್ನೇ ಕೊಡಬಹುದು, ನಡುವೆ ಎರಡು ಚಾವಣಿಗಳ ಅಡ್ಡಗೋಡೆ ಇದ್ದೇ ಇದೆ. ಸೆಟ್ಟಿಂಗಿನಲ್ಲಿ ದೇಶದ ಸಂಕೇತವನ್ನು ಭಾರತ ಎಂದು ಆರಿಸಿರುವುದನ್ನು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಕೆಲವು ಚಾನೆಲ್‌ಗಳು ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಇನ್ನು ಪ್ರಸಾರದ ಶಕ್ತಿ. ಇದೇ ಇಡೀ ಕೆಲಸದ ತಿರುಳು, ಮತ್ತು ಜನ ಅತ್ಯಂತ ಅನುಮಾನದಿಂದ ನೋಡುವ ಸಲಹೆಯೂ ಇದೇ: ಶಕ್ತಿಯನ್ನು ಕಡಿಮೆ ಮಾಡಿ. ರೂಟರನ್ನು ಪೂರ್ಣ ಶಕ್ತಿಗೆ ಬಿಟ್ಟರೆ ಕೆಳಮಹಡಿಯ ಸಿಗ್ನಲ್ ಮೊದಲ ಮಹಡಿಯ ಮಲಗುವ ಕೋಣೆಯಲ್ಲೂ ಮೈನಸ್ 68ರಷ್ಟು ಉಳಿದಿರುತ್ತದೆ, ಫೋನಿನ ದೃಷ್ಟಿಯಲ್ಲಿ ಅದು ‘ಸಾಕು’. ಪಕ್ಕದಲ್ಲೇ ಮೈನಸ್ 45ರ ಬಲವಾದ ಸಿಗ್ನಲ್ ಇದ್ದರೂ ಅದು ತಲೆಯೆತ್ತಿ ನೋಡುವುದಿಲ್ಲ. ಅಷ್ಟೇ ಅಲ್ಲದೆ ರೂಟರ್ ಕೂಗಿದ್ದು ಫೋನಿಗೆ ಕೇಳಿಸುತ್ತದೆ, ಫೋನು ತನ್ನ ಪುಟ್ಟ ಆಂಟೆನಾದಿಂದ ಕೊಟ್ಟ ಉತ್ತರ ರೂಟರಿಗೆ ಕೇಳಿಸುವುದಿಲ್ಲ. ಕರೆಯಲ್ಲಿ ಅತ್ತಲಿನವರ ಮಾತು ನಮಗೆ ಸ್ಪಷ್ಟವಾಗಿ ಕೇಳಿ, ನಮ್ಮ ಮಾತು ಅವರಿಗೆ ಮುರಿದು ಕೇಳುವುದಕ್ಕೆ ಇದೂ ಒಂದು ಕಾರಣ.

5 ಗಿಗಾಹರ್ಟ್ಸ್‌ನಲ್ಲಿ 17 ಡಿಬಿಎಂ, 2.4ರಲ್ಲಿ 10 ಅಥವಾ 11 ಡಿಬಿಎಂ ಎಂದು ಆರಂಭಿಸುವುದು ಒಳ್ಳೆಯದು. 3 ಡಿಬಿ ಇಳಿಸಿದರೆ ಶಕ್ತಿ ಅರ್ಧವಾಗುತ್ತದೆ ಎಂಬ ಲೆಕ್ಕ ನೆನಪಿರಲಿ. 2.4ರ ಅಲೆ ಅಷ್ಟೇ ದೂರದಲ್ಲಿ 5ರ ಅಲೆಗಿಂತ 6–7 ಡಿಬಿ ಕಡಿಮೆ ಸೊರಗುವುದರಿಂದ ಎರಡಕ್ಕೂ ಆ ಅಂತರ ಬೇಕು. ಸಮವಾಗಿ ಬಿಟ್ಟರೆ ಕೆಲವು ಫೋನುಗಳು ನಿಧಾನಗತಿಯ 2.4ಕ್ಕೇ ಅಂಟಿಕೊಳ್ಳಬಹುದು. ಬಳಿಕ ಸಿಗ್ನಲ್ ಅಳೆಯುವ ಯಾವುದಾದರೂ ಆ್ಯಪ್ ತೆರೆದುಕೊಂಡು ಮನೆಯೆಲ್ಲ ಓಡಾಡಿ. ಪ್ರತಿ ಮಹಡಿಯ ದೂರದ ಮೂಲೆಯಲ್ಲೂ ಆ ಮಹಡಿಯ ಆಕ್ಸೆಸ್ ಪಾಯಿಂಟಿನದು ಮೈನಸ್ 67ಕ್ಕಿಂತ ಕೆಳಗಿಳಿಯಬಾರದು. ಮೆಟ್ಟಿಲ ನಡುವಿನ ತಿರುವಿನಲ್ಲಿ ಕೆಳಗಿನದೂ ಮೇಲಿನದೂ ಎರಡೂ ಮೈನಸ್ 65–70ರ ಆಸುಪಾಸಿನಲ್ಲಿ ಸಿಗಬೇಕು. ಮೂಲೆಯಲ್ಲಿ ಸಾಲದೆ ಬಂದರೆ ಶಕ್ತಿ ಏರಿಸುವ ಮೊದಲು ಉಪಕರಣದ ಜಾಗ ಬದಲಿಸಿ ನೋಡಿ. ಕಬ್ಬಿಣದ ಬೀರುವಿನ ಹಿಂದೆ, ಟಿವಿಯ ಬೆನ್ನಿಗೆ, ನೀರಿನ ಟ್ಯಾಂಕಿನ ಮಗ್ಗುಲಿಗೆ ಇಟ್ಟ ರೂಟರಿನಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಮೂರು ಮಹಡಿಗಳಲ್ಲೂ ಒಂದೇ ನೇರದಲ್ಲಿ, ಒಂದರ ತಲೆಯ ಮೇಲೊಂದರಂತೆ ಇಡುವುದಕ್ಕಿಂತ ಎದುರುಬದುರು ಮೂಲೆಗಳಲ್ಲಿ ಇಡುವುದು ಮೇಲು.

ಇಷ್ಟಾದ ಮೇಲೆ ಅಕ್ಷರಗಳ ಕಡೆಗೆ ಬರಬಹುದು. 2008ರಲ್ಲಿ ಅಂಗೀಕಾರವಾದ 802.11ಆರ್ ಮಾನಕದ ಉದ್ದೇಶ, ಹೊಸ ಆಕ್ಸೆಸ್ ಪಾಯಿಂಟಿಗೆ ಹೋದಾಗಲೆಲ್ಲ ಗುರುತಿನ ಪರೀಕ್ಷೆಯನ್ನು ಮೊದಲಿನಿಂದ ನಡೆಸದಂತೆ ಮಾಡುವುದು. ಗುಪ್ತಪದದ ಡಬ್ಲ್ಯುಪಿಎ2 ಜಾಲದಲ್ಲಿ ಸಾಮಾನ್ಯವಾಗಿ ಎಂಟು ಸಂದೇಶಗಳ ವಿನಿಮಯವಾಗುವ ಕಡೆ ಇದರಿಂದ ನಾಲ್ಕರಲ್ಲೇ ಕೆಲಸ ಮುಗಿಯುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಹೆಸರಿರುವ ಕಚೇರಿ, ಕಾಲೇಜುಗಳ ಜಾಲಗಳಲ್ಲಿ ಇದರ ಲಾಭ ದೊಡ್ಡದು. ಮನೆಯಲ್ಲಿ, ನಿಜ ಹೇಳಬೇಕೆಂದರೆ, ಸಣ್ಣದು. ಆದರೂ ಹಾಕಿಕೊಳ್ಳಲು ಖರ್ಚೇನಿಲ್ಲ. ಓಪನ್‌ಡಬ್ಲ್ಯುಆರ್‌ಟಿಯ ವೈರ್‌ಲೆಸ್ ಸೆಕ್ಯುರಿಟಿ ಪುಟದಲ್ಲಿ 802.11ಆರ್ ಫಾಸ್ಟ್ ಟ್ರಾನ್ಸಿಷನ್ (ಎಫ್‌ಟಿ) ಗುರುತು ಹಾಕಿ, ಮೊಬಿಲಿಟಿ ಡೊಮೇನ್ ಜಾಗದಲ್ಲಿ 4 ಅಂಕಿಗಳ ಒಂದೇ ಸಂಖ್ಯೆಯನ್ನು, ಉದಾಹರಣೆಗೆ 1234 ಎಂದು, ಎಲ್ಲ ಕಡೆಯೂ ಕೊಟ್ಟು, ‘ಎಫ್‌ಟಿ ಓವರ್ ದಿ ಏರ್’ ಆರಿಸಿ, ಗುಪ್ತಪದದಿಂದ ಹುಟ್ಟುವ ಪಿಎಂಕೆ ಎಂಬ ಕೀಲಿಯನ್ನು ಸ್ಥಳೀಯವಾಗಿ ತಯಾರಿಸುವ ಆಯ್ಕೆಗೂ ಗುರುತು ಹಾಕಬೇಕು. ಈ ಕೊನೆಯ ಆಯ್ಕೆ ಡಬ್ಲ್ಯುಪಿಎ2 ಗುಪ್ತಪದಕ್ಕೆ ಮಾತ್ರ ಹೊಂದುತ್ತದೆ. 2017ರಲ್ಲಿ ಬಯಲಾದ ಕ್ರ್ಯಾಕ್ ಎಂಬ ಭದ್ರತಾ ದೋಷ 802.11ಆರ್ ಅನ್ನೂ ತಟ್ಟಿತ್ತಾದ್ದರಿಂದ ಅದಕ್ಕಿಂತ ಹಳೆಯ ತಂತ್ರಾಂಶವಿರುವ ರೂಟರಿನಲ್ಲಿ ಇದನ್ನು ತೆರೆಯಬೇಡಿ, ಮೊದಲು ತಂತ್ರಾಂಶವನ್ನು ಹೊಸದಾಗಿಸಿ.

ಮನೆಯಲ್ಲಿ ವೇಳೆ ಹೆಚ್ಚು ಹಾಳಾಗುವುದು ಗುರುತಿನ ಪರೀಕ್ಷೆಯಲ್ಲಲ್ಲ, ಫೋನು ಒಂದೊಂದೇ ಚಾನೆಲಿಗೆ ಹೋಗಿ ಯಾರಿದ್ದೀರಿ ಎಂದು ಕೇಳುವ ಹುಡುಕಾಟದಲ್ಲಿ. 802.11ಕೆ ಮಾನಕ ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳ ಪಟ್ಟಿಯನ್ನು ಫೋನಿಗೆ ಮೊದಲೇ ಕೊಡುತ್ತದೆ, 2011ರ 802.11ವಿ ಮಾನಕ ‘ಅತ್ತ ಹೋದರೆ ಲೇಸು’ ಎಂದು ಸೂಚಿಸುತ್ತದೆ, ಒಪ್ಪುವುದು ಬಿಡುವುದು ಫೋನಿಗೆ ಬಿಟ್ಟದ್ದು. ಓಪನ್‌ಡಬ್ಲ್ಯುಆರ್‌ಟಿಯ ಜೊತೆ ಬರುವ, ವೈಫೈ ಸಂಪರ್ಕ ಮತ್ತು ಭದ್ರತೆ ನೋಡಿಕೊಳ್ಳುವ ಡಬ್ಲ್ಯುಪ್ಯಾಡ್ ತಂತ್ರಾಂಶದ ಹಗುರ ಆವೃತ್ತಿಯಲ್ಲಿ ಆರ್ ಇದೆ, ಕೆ ಮತ್ತು ವಿ ಇಲ್ಲ. ಅದನ್ನು ತೆಗೆದು ಪೂರ್ಣ ಆವೃತ್ತಿ ಹಾಕಬೇಕು, ಮತ್ತು ಹಾಗೆ ತೆಗೆದ ಕ್ಷಣದಲ್ಲಿ ವೈಫೈ ಸತ್ತುಹೋಗುವುದರಿಂದ ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ಸೇರಿಸಿಕೊಂಡೇ ಈ ಕೆಲಸಕ್ಕೆ ಕೂರಬೇಕು. ಗುರುತು ಹಾಕಿದ ಮಾತ್ರಕ್ಕೆ ನೆರೆಯ ಆಕ್ಸೆಸ್ ಪಾಯಿಂಟ್‌ಗಳ ಪಟ್ಟಿ ತಾನಾಗಿ ತುಂಬುವುದಿಲ್ಲ. ಮೂರರಲ್ಲೂ ಯುಸ್ಟಿಯರ್ ಪ್ಯಾಕೇಜ್ ಹಾಕಿದರೆ ಅವು ಪರಸ್ಪರ ಮಾತಾಡಿಕೊಂಡು ಪಟ್ಟಿ ತುಂಬುತ್ತವೆ. ಸಿಗ್ನಲ್ ಇಳಿದ ಫೋನನ್ನು ಬಲವಂತವಾಗಿ ಹೊರಗೆ ತಳ್ಳುವ ಆಯ್ಕೆಯೂ ಅದರಲ್ಲಿದೆ. ನಾನು ಅದನ್ನು ಮುಚ್ಚಿಟ್ಟಿದ್ದೇನೆ, ತಳ್ಳಿಸಿಕೊಂಡ ಫೋನು ಮುನಿಸಿಕೊಂಡು ಮೊಬೈಲ್ ಡೇಟಾಗೆ ಹೋಗಿ ಕೂತದ್ದನ್ನು ಕಂಡ ಮೇಲೆ.

ಪರೀಕ್ಷೆಗೆ ಫೋನಿನಲ್ಲಿ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡಲು ಕಳಿಸುವ ಪುಟ್ಟ ಸಂದೇಶ) ಆ್ಯಪ್ ಹಾಕಿಕೊಂಡು, 192.168.1.1ಕ್ಕೆ ಸೆಕೆಂಡಿಗೆ ಐದರಂತೆ ಪಿಂಗ್ ಕಳಿಸುತ್ತ ಕೆಳಗಿನಿಂದ ತಾರಸಿಯವರೆಗೆ ಸಾಮಾನ್ಯ ನಡಿಗೆಯಲ್ಲಿ ಹೋಗಿಬನ್ನಿ. ಒಂದು ದಾಟಿಗೆ ಒಂದೆರಡು ಪಿಂಗ್ ಕಳೆದರೆ ಕಿವಿಗೆ ಗೊತ್ತಾಗುವುದಿಲ್ಲ. ಹತ್ತಿಪ್ಪತ್ತು ಕಳೆದರೆ ರೂಟರಿನ ಸಿಸ್ಟಂ ಲಾಗ್ ತೆರೆದು, ಫೋನು ಸೇರಿಕೊಂಡ ಸಾಲಿನಲ್ಲಿ ದೃಢೀಕರಣದ ವಿಧಾನ ಎಫ್‌ಟಿ ಎಂದಿದೆಯೇ ನೋಡಿ. ಇಲ್ಲದಿದ್ದರೆ ಮೊಬಿಲಿಟಿ ಡೊಮೇನ್ ಎಲ್ಲೋ ಒಂದು ಕಡೆ ತಪ್ಪಿರಬಹುದು, ಅಥವಾ ಆ ಫೋನಿಗೆ 802.11ಆರ್ ಬಾರದಿರಬಹುದು. ಎಫ್‌ಟಿ ಎಂದಿದ್ದೂ ಕಳೆಯುತ್ತಿದ್ದರೆ ಸಮಸ್ಯೆ ಮೆಟ್ಟಿಲ ತಿರುವಿನ ಸಿಗ್ನಲಿನಲ್ಲಿದೆ, ಮತ್ತೆ ಶಕ್ತಿಯ ಲೆಕ್ಕಕ್ಕೆ ಮರಳಬೇಕು.

ಹಳೆಯ ಪ್ರಿಂಟರ್, ಸ್ಮಾರ್ಟ್ ಬಲ್ಬುಗಳಂತಹ ಕೆಲವು ಉಪಕರಣಗಳು 802.11ಆರ್ ತೆರೆದ ಜಾಲಕ್ಕೆ ಸೇರಲು ನಿರಾಕರಿಸುವುದುಂಟು. ಅವು ಜಾಗ ಬಿಟ್ಟು ಕದಲುವವಲ್ಲವಾದ್ದರಿಂದ 2.4 ಗಿಗಾಹರ್ಟ್ಸ್‌ನಲ್ಲಿ ಆರ್ ಇಲ್ಲದ ಇನ್ನೊಂದು ಹೆಸರಿನ ವೈಫೈ ತೆರೆದು ಅವನ್ನೆಲ್ಲ ಅಲ್ಲಿಗೆ ಸಾಗಹಾಕಬಹುದು.